ಹಳೇ ಜೀಪಿಗೆ ಹೊಸ ಬ್ರೇಕ್ ಪೈಪ್

ಜೋಗಿಮಟ್ಟಿ ಬೆಟ್ಟದ ಇಳಿಜಾರಿನಲ್ಲಿ ನನ್ನ ಹಳೇ ಮಹೀಂದ್ರಾ ಜೀಪಿನ ಬ್ರೇಕ್ ಪೆಡಲ್ ಸೀದಾ ತಳಕ್ಕೆ ಹೋಯಿತು. ಹಿಂದಿನ ಆಕ್ಸಲ್ ಮೇಲಿನ ಪೈಪ್ ತುಕ್ಕು ಹಿಡಿದು ತೂತಾಗಿತ್ತು. ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯ ಸಣ್ಣ ಗ್ಯಾರೇಜಿಗೆ ಎಳೆಸಿಕೊಂಡು ಬಂದೆ. ತಾಮ್ರದ ಪೈಪ್ ಸಾಕಲ್ವಾ ಅಂದೆ. ಮೇಸ್ತ್ರಿ ಒಪ್ಪಲಿಲ್ಲ. "ಅದು ಅದುರಿ ಅದುರಿ ಬಿರುಕು ಬಿಡುತ್ತೆ ಸಾರ್" ಎಂದು 3/16 ಇಂಚಿನ ಸ್ಟೀಲ್ ಪೈಪ್ ತಂದರು. ಹಳೇ ಪೈಪನ್ನು ಪಕ್ಕದಲ್ಲಿಟ್ಟುಕೊಂಡು ಅದೇ ತಿರುವಿಗೆ ಬಗ್ಗಿಸಿದರು. ನಟ್ ಮೊದಲೇ ತೂರಿಸಿ, ತುದಿಯನ್ನು ಅಗಲಿಸಿ ಒಳಕ್ಕೆ ಮಡಚಿ ಡಬಲ್ ಫ್ಲೇರ್ ಹೊಡೆದರು. ಮೊದಲನೇದು ಕೂದಲೆಳೆಯಷ್ಟು ಓರೆ ಬಂತು. ಸುಮ್ನೆ ಬಿಗಿದು ಕೊಡಬಹುದಿತ್ತು, ಕತ್ತರಿಸಿ ಬಿಸಾಕಿದರು. ಅಲ್ಲೇ ನನಗೆ ನಂಬಿಕೆ ಬಂತು. ಪೆಡಲ್‌ನಿಂದ ದೂರದ ಚಕ್ರದಿಂದ ಶುರು ಮಾಡಿ, ಬ್ರೇಕ್ ಪೈಪಿನೊಳಗೆ ಸೇರಿದ್ದ ಏರ್ ತೆಗೆದರು. ಭಾನುವಾರ ಮತ್ತೆ ಅದೇ ಇಳಿಜಾರು ಇಳಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ.