ಯೂಟ್ಯೂಬ್ ಕಿಡ್ಸ್: ಆ್ಯಪ್ ಚೆನ್ನಾಗಿದೆ, ಆದರೆ ಚಾನೆಲ್ ಆರಿಸುವ ಕೆಲಸ ನಮ್ಮದೇ

ಮನೆಯಲ್ಲಿ ಇಬ್ಬರು ಮಕ್ಕಳು. ಮಗಳು ಎರಡನೇ ಕ್ಲಾಸು, ಮಗನಿಗೆ ಈಗ ನಾಲ್ಕು. ನಾವಿರುವುದು ಹಾಸನದಲ್ಲಿ. ರಜೆ ಬಂತೆಂದರೆ ಮಕ್ಕಳು ಸಕಲೇಶಪುರದ ಹತ್ತಿರ ಅಜ್ಜಿ ಮನೆಗೆ ಹೋಗುತ್ತಾರೆ. ಮಗಳು ಎಲ್‌ಕೆಜಿಯಲ್ಲಿದ್ದಾಗಿನಿಂದ ಯೂಟ್ಯೂಬ್‌ನವರದೇ ಮಕ್ಕಳ ಆ್ಯಪ್ ಯೂಟ್ಯೂಬ್ ಕಿಡ್ಸ್ ಬಳಸುತ್ತಿದ್ದೇವೆ. ‘ಇದನ್ನ ಹಾಕಿಕೊಟ್ಟರೆ ಸಾಕಲ್ವಾ, ಆಮೇಲೆ ನಾವು ನೋಡಬೇಕಿಲ್ಲ ತಾನೇ?’ ಎಂದು ಸ್ಕೂಲ್ ಗೇಟಿನ ಹತ್ತಿರ ಕೇಳುವವರು ಜಾಸ್ತಿ. ಅಷ್ಟೇ ಸಾಲದು. ಒಂದು ಸೆಟ್ಟಿಂಗ್ ಬದಲಿಸಿ, ಚಾನೆಲ್‌ಗಳನ್ನು ನಾವೇ ಕೂತು ಆರಿಸಿದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.

ಈ ಆ್ಯಪ್ ಭಾರತಕ್ಕೆ ಬಂದದ್ದು 2016ರಲ್ಲಿ. ಮಕ್ಕಳ ವಯಸ್ಸಿಗೆ ತಕ್ಕಂತೆ ಮೂರು ವಿಭಾಗ ಇದೆ: 4 ವರ್ಷದವರೆಗೆ, 5ರಿಂದ 8, 9ರಿಂದ 12. ಯಾವ ವಿಡಿಯೋ ಯಾವ ವಿಭಾಗಕ್ಕೆ ಎಂದು ಹೆಚ್ಚಾಗಿ ವಿಂಗಡಿಸುವುದು ಕಂಪ್ಯೂಟರ್. ತಪ್ಪು ಆಗಬಹುದು ಎಂದು ಕಂಪನಿಯೇ ಹೇಳಿಕೊಂಡಿದೆ. ಅದಕ್ಕೇ 2018ರಲ್ಲಿ ಇನ್ನೊಂದು ದಾರಿ ಕೊಟ್ಟರು. ಅಪ್ಪ ಅಮ್ಮ ಒಪ್ಪಿದ ವಿಡಿಯೋ, ಒಪ್ಪಿದ ಚಾನೆಲ್ ಮಾತ್ರ ಮಗುವಿಗೆ ಕಾಣಿಸುತ್ತದೆ. ಸರ್ಚ್ ಬಂದ್ ಆಗುತ್ತದೆ. ನಾನು ಬಳಸುವುದು ಇದನ್ನೇ. ವಯಸ್ಸಿನ ವಿಭಾಗಗಳ ತಂಟೆಗೆ ಹೋಗಿಲ್ಲ.

ಇಲ್ಲಿಂದ ನಿಜವಾದ ಕೆಲಸ ಶುರು. ಯಾವ ಚಾನೆಲ್ ಒಪ್ಪುವುದು?

ಯೂಟ್ಯೂಬ್‌ನಲ್ಲಿ ‘ಮಕ್ಕಳಿಗಾಗಿ’ ಎಂಬ ಗುರುತು ಕಂಡರೆ ಸಾಕು ಎಂದುಕೊಂಡವರು ತುಂಬ ಜನ. ಆ ಗುರುತು ಬಂದ ಕಾರಣವೇ ಬೇರೆ. ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಕ್ಕಳ ಮಾಹಿತಿ ಕಲೆಹಾಕಿದ್ದಾರೆಂಬ ಪ್ರಕರಣದಲ್ಲಿ 2019ರಲ್ಲಿ ಯೂಟ್ಯೂಬ್‌ನ ಮಾಲೀಕ ಕಂಪನಿ ಗೂಗಲ್ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅದಾದ ಮೇಲೆ, ತಮ್ಮ ವಿಡಿಯೋ ಮಕ್ಕಳಿಗಾಗಿಯೋ ಅಲ್ಲವೋ ಎಂದು ಚಾನೆಲ್‌ನವರೇ ಹೇಳಬೇಕಾಯಿತು. ಮಕ್ಕಳಿಗಾಗಿ ಎಂದರೆ ಕಾಮೆಂಟ್ ಬಂದ್, ನೋಡುವವರ ಜಾಡು ಹಿಡಿದು ತೋರಿಸುವ ಜಾಹೀರಾತೂ ಬಂದ್. ಅಷ್ಟೇ. ಕಥೆ ಚೆನ್ನಾಗಿದೆಯಾ, ಮಾತು ಸರಿಯಾಗಿದೆಯಾ ಎಂದು ಯಾರೂ ನೋಡಿ ಮುದ್ರೆ ಒತ್ತಿದ್ದಲ್ಲ.

ಹಾಗಾಗಿ ನಾನೇ ನೋಡುತ್ತೇನೆ. ಮೊದಲ ನಿಮಿಷ ನೋಡುವುದಿಲ್ಲ, ಅದು ಎಲ್ಲರದ್ದೂ ಚೆಂದವೇ ಇರುತ್ತದೆ. ಮಧ್ಯದಿಂದ ಹಾಕುತ್ತೇನೆ. ಆಮೇಲೆ ಫೋನ್ ಅಲ್ಲೇ ಬಿಟ್ಟು ಅಡುಗೆಮನೆಗೆ ಹೋಗಿ ಬರೀ ಕೇಳುತ್ತೇನೆ. ಯಾರಾದರೂ ಒಂದು ಪೂರ್ತಿ ವಾಕ್ಯ ಮಾತಾಡುತ್ತಾರಾ? ಕೆಲವು ಚಾನೆಲ್‌ಗಳಲ್ಲಿ ‘ವಾವ್’, ಕಿರುಚಾಟ, ಡಬಡಬ ಸಂಗೀತ ಬಿಟ್ಟರೆ ಏನೂ ಕೇಳಿಸುವುದಿಲ್ಲ. ಅವು ಹೊರಗೆ. ಇನ್ನು ಕೆಲವು ಒಂದೇ ಕಾರ್ಟೂನನ್ನು ನಾಲ್ಕಾರು ಭಾಷೆಗೆ ಸುಮ್ನೆ ತಿರುಗಿಸಿ ಹಾಕುತ್ತವೆ. ಅವುಗಳ ಕನ್ನಡ ಕೇಳಿದರೆ ಮನುಷ್ಯರು ಓದಿದ್ದಾ ಎಂದು ಅನುಮಾನ ಬರುತ್ತದೆ. ನಾಲ್ಕು ವರ್ಷದವನು ಮಾತು ಕಲಿಯುವುದೇ ಕೇಳಿ ಕೇಳಿ, ಹಾಗಾಗಿ ಅವೂ ಹೊರಗೆ.

ಚಾನೆಲ್‌ನ ಹಳೆಯ ವಿಡಿಯೋಗಳನ್ನೂ ಒಮ್ಮೆ ತೆಗೆದು ನೋಡಿ. ಈಗ ಶಿಶುಗೀತೆ ಹಾಕುವ ಒಂದು ಚಾನೆಲ್ ಮೊದಲು ಮೊಬೈಲ್ ಗೇಮ್ ತೋರಿಸುತ್ತಿತ್ತು. ಅದು ಅಪರಾಧ ಅಂತಲ್ಲ, ಆದರೆ ಯಾವ ಕಡೆ ಜನ ಇದ್ದಾರೋ ಆ ಕಡೆ ಓಡುವವರು ನಾಳೆ ಇನ್ನೆಲ್ಲಿಗೋ ಓಡುತ್ತಾರೆ. ದಿನಕ್ಕೆ ಮೂರು ನಾಲ್ಕು ಕಾರ್ಟೂನ್ ಹಾಕುವವರ ಮೇಲೂ ನನಗೆ ನಂಬಿಕೆ ಕಡಿಮೆ. ಅಷ್ಟು ಬೇಗ ಕಥೆ ಬರೆಯುವವರು ಯಾರು ಹೇಳಿ? ಆಟಿಕೆ ಡಬ್ಬಿ ಬಿಚ್ಚುವುದೇ ಕೆಲಸ ಆಗಿರುವ ಚಾನೆಲ್‌ಗಳ ಬಗ್ಗೆ ಹೇಳಬೇಕಿಲ್ಲ. ಅವನ್ನು ನೋಡಿದ ಮಗುವನ್ನು ಅಂಗಡಿ ಬೀದಿಗೆ ಕರೆದುಕೊಂಡು ಹೋದವರಿಗೆ ಗೊತ್ತು.

ನಮ್ಮ ಕಡೆಯವರು ವಿಶೇಷವಾಗಿ ನೋಡಬೇಕಾದ್ದು ಇನ್ನೊಂದಿದೆ: ಆನೆ. ಮಕ್ಕಳ ಕಾರ್ಟೂನ್‌ಗಳಲ್ಲಿ ಕಾಡಿನ ಆನೆ ಹತ್ತಿರ ಓಡಿ ಹೋಗಿ ಬಾಳೆಹಣ್ಣು ಕೊಡುವುದು, ಸೊಂಡಿಲು ಹಿಡಿದು ಜೋಕಾಲಿ ಆಡುವುದು ಇದ್ದೇ ಇರುತ್ತದೆ. ಬೇರೆ ಊರಿನವರಿಗೆ ಅದು ಮುದ್ದು. ಆಲೂರು, ಸಕಲೇಶಪುರದ ಕಡೆ ಆನೆ ತೋಟಕ್ಕೇ ಬರುತ್ತದೆ, ಜನ ಸತ್ತಿದ್ದಾರೆ. ಆನೆ ಇದೆ ಎಂದು ಗೊತ್ತಾದರೆ ಆ ದಿನ ಕಾಫಿ ಕೊಯ್ಲಿಗೆ ಆಳುಗಳೇ ಹೋಗುವುದಿಲ್ಲ. ಅಂಥ ವಿಡಿಯೋ ನೋಡಿದ ಮಗ ‘ಆನೆ ಬಂದ್ರೆ ನಾನೂ ಬಾಳೆಹಣ್ಣು ಕೊಡ್ತೀನಿ ಅಜ್ಜಿ’ ಎಂದ. ನಮ್ಮತ್ತೆ ಅವತ್ತೇ, ‘ಆ ಚಾನೆಲ್ ತೆಗೆದುಹಾಕಮ್ಮಾ’ ಎಂದರು. ವಿಡಿಯೋದಲ್ಲಿ ಬೈಗುಳ ಇಲ್ಲ, ಹೊಡೆದಾಟ ಇಲ್ಲ, ಯಾವ ಫಿಲ್ಟರೂ ಅದನ್ನು ಹಿಡಿಯುವುದಿಲ್ಲ. ನಮ್ಮ ಮಗುವಿಗೆ ಏನು ಆಗಿಬರುವುದಿಲ್ಲ ಎನ್ನುವುದು ನಮ್ಮ ಊರಿನಲ್ಲಿ ಇರುವವರಿಗೇ ಗೊತ್ತಾಗಬೇಕು.

ಆ್ಯಪ್‌ನ ಟೈಮರ್ ನನಗೆ ಇಷ್ಟ. ಸಮಯ ಮುಗಿದಾಗ ಬಂದ್ ಮಾಡುವುದು ಆ್ಯಪ್, ಬೈಸಿಕೊಳ್ಳುವುದೂ ಅದೇ. ಆಟೋಪ್ಲೇ ಆಫ್ ಆಗಿದೆಯಾ ನೋಡಿಕೊಳ್ಳಿ. ಒಂದು ಮುಗಿದ ಮೇಲೆ ಇನ್ನೊಂದು ತಾನಾಗೇ ಬರದಿದ್ದರೆ ಅರ್ಧ ಜಗಳ ಕಡಿಮೆ. ದೊಡ್ಡವರ ಸೆಟ್ಟಿಂಗ್‌ಗೆ ಹೋಗಲು ಆ್ಯಪ್ ಗುಣಾಕಾರದ ಲೆಕ್ಕ ಕೇಳುತ್ತದೆ. ಮಗ್ಗಿ ಬಾಯಿಪಾಠ ಆದ ಮಕ್ಕಳಿಗೆ ಅದೊಂದು ಬೀಗವೇ ಅಲ್ಲ. ನಿಮ್ಮದೇ ಪಾಸ್‌ಕೋಡ್ ಹಾಕಿ, ಹುಟ್ಟಿದ ವರ್ಷ ಬೇಡ.

ಕೊಯ್ಲಿನ ಸಮಯದಲ್ಲಿ ಅಜ್ಜಿ ಮನೆಯಲ್ಲಿ ದೊಡ್ಡವರಿಗೆ ಪುರುಸೊತ್ತಿರುವುದಿಲ್ಲ, ಮಕ್ಕಳ ಕೈಗೆ ಅಜ್ಜಿಯ ಫೋನ್ ಹೋಗುತ್ತದೆ. ಅದರಲ್ಲಿ ಮಾಮೂಲಿ ಯೂಟ್ಯೂಬ್ ಇದ್ದರೆ ನಮ್ಮ ಫೋನಿನಲ್ಲಿ ಪಟ್ಟಿ ಮಾಡಿದ್ದು ದಂಡ. ಅವರ ಫೋನಿಗೂ ಕಿಡ್ಸ್ ಹಾಕಿ, ನಿಮ್ಮ ಅಕೌಂಟಿನಲ್ಲೇ ಲಾಗಿನ್ ಮಾಡಿ, ಪಟ್ಟಿ ಸರಿಯಾಗಿ ಬಂದಿದೆಯಾ ಎಂದು ಅಲ್ಲೇ ನೋಡಿಕೊಂಡು ಬನ್ನಿ.

ಎರಡು ವರ್ಷದೊಳಗಿನ ಮಗು ಇರುವವರಿಗೆ ನಾನು ಈ ಆ್ಯಪ್ ಹೇಳುವುದಿಲ್ಲ. ಆ ವಯಸ್ಸಿಗೆ ಸ್ಕ್ರೀನೇ ಬೇಡ ಎಂದು ಮಕ್ಕಳ ಡಾಕ್ಟರುಗಳೂ ಹೇಳುತ್ತಾರೆ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ.

ನಾವೇ ಆರಿಸಿ ಕೊಡುವ ಸೆಟ್ಟಿಂಗ್‌ಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕೂತು ಆರಿಸಲು ಸಮಯ ಇಲ್ಲ ಎನ್ನುವವರು ಇಡೀ ಚಾನೆಲ್ ಒಪ್ಪುವ ಬದಲು ನೀವು ನೋಡಿದ ಹತ್ತು ವಿಡಿಯೋ ಮಾತ್ರ ಒಪ್ಪಿ. ಮಕ್ಕಳು ಅದನ್ನೇ ಮತ್ತೆ ಮತ್ತೆ ನೋಡುತ್ತಾರೆ, ಅವರಿಗೇನೂ ಬೇಜಾರಿಲ್ಲ. ಬೇಜಾರು ಆಗುವುದು ಪಕ್ಕದಲ್ಲಿ ಕೂತ ನಮಗೆ.