ಒಂದೇ ಪ್ರೋಟೀನ್, ಎರಡು ರೋಟರ್

ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ಎಳೆಗಳನ್ನು ಘನಸ್ಥಿತಿ ಎನ್‌ಎಂಆರ್‌ನಲ್ಲಿ (ಘನ ಮಾದರಿಯ ಪರಮಾಣುಗಳನ್ನು ಕಾಂತಕ್ಷೇತ್ರದಲ್ಲಿಟ್ಟು ರೇಡಿಯೋ ಅಲೆಗಳಿಂದ ಆಲಿಸುವ ತಂತ್ರ) ಓದಲು ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ಮಾದರಿ ತುಂಬಿ ತಿರುಗಿಸುವ ಪುಟ್ಟ ಕೊಳವೆ, ಅಂದರೆ ರೋಟರ್, 3.2 ಮಿಲಿಮೀಟರ್ ವ್ಯಾಸದ್ದು ಸಾಕೇ, 1.3 ಬೇಕೇ? ಎರಡರಲ್ಲೂ ಇದೇ ಪ್ರೋಟೀನನ್ನು ತುಂಬಿ, ತಿರುಗಿಸಿ ನೋಡಿದ್ದೇನೆ. ಪ್ರೋಟೀನ್ ಸರಪಳಿಯ ಬೆನ್ನೆಲುಬಿನ ಗುರುತು ಹಿಡಿಯುವುದರಲ್ಲಿ, ಅಂದರೆ ಯಾವ ಸಂಕೇತ ಯಾವ ಅಮೈನೋ ಆಮ್ಲದ್ದು ಎಂದು ಹೇಳುವುದರಲ್ಲಿ, ಚಿಕ್ಕದು ಗೆಲ್ಲುತ್ತದೆ. ಎಳೆ ಹೇಗೆ ಮಡಚಿಕೊಂಡಿದೆ ಎಂದು ತಿಳಿಯಲು ಮಾತ್ರ ದೊಡ್ಡದಿಲ್ಲದೆ ನಡೆಯುವುದಿಲ್ಲ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ನರಕೋಶಗಳೊಳಗೆ ಶೇಖರವಾಗುವ ಈ ಪ್ರೋಟೀನಿನಲ್ಲಿ 140 ಅಮೈನೋ ಆಮ್ಲಗಳಿವೆ. ಎಳೆಗಟ್ಟಿದ ಮೇಲೆ ಅದು ನೀರಿನಲ್ಲಿ ಕರಗಿರುವುದಿಲ್ಲ, ಎಕ್ಸ್-ರೇಗೆ ಬೇಕಾದ ಹರಳೂ ಆಗುವುದಿಲ್ಲ. ದ್ರಾವಣದಲ್ಲಿ ಅಣುಗಳು ಉರುಳಾಡುವುದರಿಂದ ಎನ್‌ಎಂಆರ್ ಗೆರೆಗಳು ತಾವಾಗಿಯೇ ಸಪೂರವಾಗುತ್ತವೆ. ಘನದಲ್ಲಿ ಆ ಉರುಳಾಟವಿಲ್ಲ, ಆದ್ದರಿಂದ ಮಾದರಿಯನ್ನೇ ಕಾಂತಕ್ಷೇತ್ರಕ್ಕೆ 54.74 ಡಿಗ್ರಿ ಓರೆಯಾಗಿಟ್ಟು ತಿರುಗಿಸುತ್ತೇವೆ. 1950ರ ದಶಕದ ಕೊನೆಯಲ್ಲಿ ಎಡ್ವರ್ಡ್ ಆಂಡ್ರ್ಯೂ ಮತ್ತು ಇರ್ವಿಂಗ್ ಲೋವ್ ಬೇರೆ ಬೇರೆಯಾಗಿ ಕಂಡುಕೊಂಡ ಉಪಾಯವಿದು. ರೋಟರ್ ಚಿಕ್ಕದಾದಷ್ಟೂ ವೇಗ ಹೆಚ್ಚು. 3.2ರ ಮಿತಿ ಸೆಕೆಂಡಿಗೆ ಸುಮಾರು 24,000 ಸುತ್ತು. 1.3 ಸೆಕೆಂಡಿಗೆ 60,000 ಸುತ್ತು ತಿರುಗುತ್ತದೆ, ಅಂದರೆ ನಿಮಿಷಕ್ಕೆ 36 ಲಕ್ಷ.

ಮಾದರಿಯ ತಯಾರಿಯಿಂದಲೇ ಎರಡರ ದಾರಿ ಕವಲೊಡೆಯುತ್ತದೆ. 3.2ಕ್ಕೆ ಹತ್ತಿಪ್ಪತ್ತು ಮಿಲಿಗ್ರಾಂ ಪ್ರೋಟೀನ್ ಬೇಕು, ಅದೂ ಎನ್‌ಎಂಆರ್‌ಗೆ ಕಾಣುವ ಪರಮಾಣುಗಳು ಸೇರಲೆಂದು ಕಾರ್ಬನ್-13 ಗ್ಲೂಕೋಸ್ ಮತ್ತು ನೈಟ್ರೋಜನ್-15 ಅಮೋನಿಯಂ ಕ್ಲೋರೈಡ್ ಕೊಟ್ಟು ಬೆಳೆಸಿದ ಇ. ಕೋಲಿಯಿಂದ ತೆಗೆದದ್ದು. 1.3ಕ್ಕೆ ಒಂದೆರಡು ಮಿಲಿಗ್ರಾಂ ಸಾಕು. ಆದರೆ 60,000 ಸುತ್ತಿನಲ್ಲೂ ಪ್ರೋಟಾನ್‌ಗಳ (ಹೈಡ್ರೋಜನ್ ಬೀಜಗಳ) ಪರಸ್ಪರ ಪ್ರಭಾವ ಪೂರ್ತಿ ಅಳಿಯುವುದಿಲ್ಲವಾದ್ದರಿಂದ ಬ್ಯಾಕ್ಟೀರಿಯಾವನ್ನು ಭಾರಜಲದಲ್ಲಿ ಬೆಳೆಸಿ, ಪ್ರೋಟಾನ್‌ಗಳ ಜಾಗಕ್ಕೆ ಭಾರ ಹೈಡ್ರೋಜನ್ ಆದ ಡ್ಯೂಟೀರಿಯಂ ತಂದು, ಅಮೈಡ್‌ಗಳಿಗೆ (ಬೆನ್ನೆಲುಬಿನ ನೈಟ್ರೋಜನ್-ಹೈಡ್ರೋಜನ್ ಗುಂಪುಗಳಿಗೆ) ಮಾತ್ರ ಸಾಮಾನ್ಯ ನೀರಿನಿಂದ ಪ್ರೋಟಾನ್ ಮರಳಿಸುತ್ತೇನೆ. ಭಾರಜಲದಲ್ಲಿ ಬ್ಯಾಕ್ಟೀರಿಯಾ ಕುಂಟುತ್ತ ಬೆಳೆಯುತ್ತದೆ, ಇಳುವರಿಯೂ ಕಡಿಮೆ. ಸಿನ್ಯೂಕ್ಲಿನ್ ಎಳೆಗಟ್ಟುವ ಮೊದಲು ಬಿಡಿ ಅಣುವಾಗಿ ನೀರಿಗೆ ತೆರೆದುಕೊಂಡೇ ಇರುವುದರಿಂದ ಪ್ರೋಟಾನ್ ಮರಳಿಸುವುದಕ್ಕೆ ತೊಂದರೆಯಿಲ್ಲ. ಕೋಶಪೊರೆಯಲ್ಲಿ ಹೂತ ಪ್ರೋಟೀನುಗಳಲ್ಲಿ ಒಳಗಿನ ಅಮೈಡ್‌ಗಳು ನೀರಿಗೆ ಸಿಗದೆ ಹಾಗೇ ಉಳಿದುಬಿಡುತ್ತವೆ. ಅಂಥವಕ್ಕೆ ಸೆಕೆಂಡಿಗೆ ಲಕ್ಷ ಸುತ್ತು ದಾಟುವ 0.7 ಮಿಲಿಮೀಟರ್ ರೋಟರ್ ಮೇಲು, ಅದಕ್ಕೆ ಡ್ಯೂಟೀರಿಯಂ ಬೇಕಾಗುವುದಿಲ್ಲ.

ಎಳೆಗಳನ್ನು ಒಣಗಿಸಬಾರದು. ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ಆಲಿಕೆಯಂಥ ಸಾಧನವಿಟ್ಟು ಒದ್ದೆ ಗಸಿಯನ್ನೇ ರೋಟರ್‌ಗೆ ಇಳಿಸುತ್ತೇನೆ. 1.3ರ ಮುಚ್ಚಳ ಹಾಕಲು ಭೂತಗನ್ನಡಿ ಬೇಕು. ಒಳಗೆ ಗಾಳಿಗುಳ್ಳೆ ಉಳಿದರೆ ರೋಟರ್ ಓಲಾಡುತ್ತದೆ, ವೇಗ ಏರುವುದಿಲ್ಲ.

ಬಿಸಿ ಎರಡರಲ್ಲೂ ಏಳುತ್ತದೆ, ಕಾರಣ ಮಾತ್ರ ಬೇರೆ. 1.3ರಲ್ಲಿ ಗಾಳಿಯ ಘರ್ಷಣೆಯಿಂದ ಮಾದರಿ ಕಾಯುತ್ತದೆ. ತಂಪು ಅನಿಲ ಊದುತ್ತ, ನೀರಿನ ಪ್ರೋಟಾನ್ ಗೆರೆ ಎಲ್ಲಿದೆ ಎಂದು ನೋಡಿ ನಿಜವಾದ ಉಷ್ಣತೆಯನ್ನು ಅಳೆಯುತ್ತೇನೆ. 3.2ರಲ್ಲಿ ಕಾಯಿಸುವುದು ಪ್ರೋಟಾನ್‌ಗಳ ಪ್ರಭಾವ ಕಳಚಲು ಹರಿಸುವ ರೇಡಿಯೋ ಶಕ್ತಿ. ಬಫರ್‌ನಲ್ಲಿ ಉಪ್ಪು ಜಾಸ್ತಿಯಿದ್ದರೆ ಇದು ಇನ್ನೂ ಜೋರು. ಪ್ರೋಟಾನ್ ಪ್ರಭಾವ ಕಳಚುವ ಕೆಲಸಕ್ಕೆ ಪಿ. ಕೆ. ಮಧು ಮತ್ತು ಸಂಗಡಿಗರು 2006ರಲ್ಲಿ ಭಾರತದಲ್ಲೇ ರೂಪಿಸಿದ ಎಸ್‌ಡಬ್ಲ್ಯುಎಫ್-ಟಿಪಿಪಿಎಂ ಎಂಬ ಪಲ್ಸ್ ಸರಣಿಯನ್ನೇ (ರೇಡಿಯೋ ಮಿಡಿತಗಳ ಕ್ರಮವನ್ನೇ) ನಾನು ಬಳಸುತ್ತೇನೆ. ಹೊಂದಿಸುವುದು ಸುಲಭ, ಗ್ಲೈಸಿನ್ ಗೆರೆಗಳು ಚೊಕ್ಕವಾಗಿ ಬರುತ್ತವೆ.

ಇನ್ನು ರೋಹಿತಗಳ ಮಾತು. ದೊಡ್ಡ ರೋಟರ್‌ನ ಕಾರ್ಬನ್-ಕಾರ್ಬನ್ ರೋಹಿತದ ಮುಂದೆ ಕುಳಿತರೆ ಅಮೈನೋ ಆಮ್ಲಗಳ ಗುರುತು ಕಣ್ಣಿಗೇ ಸಿಗುತ್ತದೆ. ಗೆರೆಯ ಜಾಗವನ್ನು ಹೇಳುವ ಅಳತೆ ಪಿಪಿಎಂ. ಬೆನ್ನೆಲುಬಿನ ಮೇಲಿರುವುದು ಆಲ್ಫಾ ಕಾರ್ಬನ್, ಅದರ ಪಕ್ಕದ್ದು ಬೀಟಾ. ಥ್ರಿಯೋನಿನ್‌ನ ಬೀಟಾ ಕಾರ್ಬನ್ 70 ಪಿಪಿಎಂ ಆಸುಪಾಸಿನಲ್ಲಿ, ಅಲನಿನ್‌ನದು 20ರ ಹತ್ತಿರ, ಗ್ಲೈಸಿನ್‌ನ ಆಲ್ಫಾ 45ರಲ್ಲಿ. ನಾನು ಮೊದಲು ನೋಡುವುದು 12ರಿಂದ 15 ಪಿಪಿಎಂವರೆಗಿನ ಮೂಲೆಯನ್ನು. ಅಲ್ಲಿ ಐಸೋಲ್ಯೂಸಿನ್‌ನ ತುದಿಯ ಮೀಥೈಲ್ ಬರುತ್ತದೆ. ಸಿನ್ಯೂಕ್ಲಿನ್‌ನಲ್ಲಿ ಐಸೋಲ್ಯೂಸಿನ್ ಇರುವುದು ಎರಡೇ, 88 ಮತ್ತು 112ನೇ ಸ್ಥಾನಗಳಲ್ಲಿ. 112 ಅಲುಗಾಡುವ ಬಾಲದಲ್ಲಿದೆ, ಗಟ್ಟಿ ಭಾಗವನ್ನು ತೋರಿಸುವ ಕ್ರಾಸ್ ಪೋಲರೈಸೇಷನ್ ಎಂಬ ಪ್ರಯೋಗದಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ಆ ಮೂಲೆಯಲ್ಲಿ 88ರ ಒಂದೇ ಗುರುತನ್ನು ನಿರೀಕ್ಷಿಸುತ್ತೇನೆ. ಜೋಡಿಯಾಗಿ ಬಂದರೆ ಎರಡು ಬಗೆಯ ಎಳೆಗಳು ಬೆರೆತಿವೆಯೇ ಎಂಬ ಅನುಮಾನ ಏಳುತ್ತದೆ. ಅದು ತೀರುವವರೆಗೆ ಆ ಮಾದರಿಗೆ ಯಂತ್ರದ ಹೊತ್ತು ಸುರಿಯುವುದಿಲ್ಲ. ಉಪ್ಪೋ ಪಿಎಚ್ಚೋ ಬದಲಾದರೂ ಸಿನ್ಯೂಕ್ಲಿನ್ ಬೇರೆ ಆಕಾರದ ಎಳೆ ಕಟ್ಟಬಲ್ಲದು, ಆದ್ದರಿಂದ ಈ ತಪಾಸಣೆಯನ್ನು ಬಿಡುವಂತೆಯೇ ಇಲ್ಲ. ಚಿಕ್ಕ ರೋಟರ್‌ನ ಪ್ರೋಟಾನ್-ನೈಟ್ರೋಜನ್ ರೋಹಿತ ನೋಡಲು ಅಂದವಾಗಿರುತ್ತದೆ, ಆದರೆ ಯಾವ ಚುಕ್ಕೆ ಯಾವ ಅಮೈನೋ ಆಮ್ಲದ್ದು ಎಂದು ಅದು ತಾನಾಗಿ ಹೇಳುವುದಿಲ್ಲ.

ಬೆನ್ನೆಲುಬಿನ ಉದ್ದಕ್ಕೂ ಹೆಸರು ಹಚ್ಚುತ್ತ ಹೋಗುವಾಗ ಲೆಕ್ಕ ತಿರುಗುತ್ತದೆ. ಈ ಪ್ರೋಟೀನಿನಲ್ಲಿ ಲೈಸಿನ್-ಥ್ರಿಯೋನಿನ್-ಲೈಸಿನ್-ಗ್ಲುಟಮೇಟ್-ಗ್ಲೈಸಿನ್-ವ್ಯಾಲಿನ್ ಎಂಬ ಸರಣಿ ಚೂರುಪಾರು ವ್ಯತ್ಯಾಸದೊಂದಿಗೆ ಮತ್ತೆ ಮತ್ತೆ ಬರುತ್ತದೆ. ಕಾರ್ಬನ್ ರೋಹಿತದಲ್ಲಿ ವ್ಯಾಲಿನ್‌ಗಳೆಲ್ಲ ಒಂದರ ಮೇಲೊಂದು ಬಿದ್ದು, ಯಾವುದರ ಪಕ್ಕ ಯಾವುದು ಎಂದು ಬಿಡಿಸಲು ತಾಳ್ಮೆ ಸಾಲದು. 1.3ರಲ್ಲಿ ಪ್ರೋಟಾನ್ ಆಲಿಸಿದರೆ ಪ್ರತಿಯೊಂದಕ್ಕೂ ಅಮೈಡ್ ಪ್ರೋಟಾನ್, ನೈಟ್ರೋಜನ್ ಎಂಬ ಎರಡು ಗುರುತುಗಳು ಸಿಗುತ್ತವೆ, ಅವಕ್ಕೆ ಆಲ್ಫಾ, ಬೀಟಾ, ಕಾರ್ಬೊನಿಲ್ ಕಾರ್ಬನ್‌ಗಳನ್ನು ಜೋಡಿಸುತ್ತ ಹೋಗಬಹುದು. ಪ್ರೋಟಾನಿನ ಜೈರೋಮ್ಯಾಗ್ನೆಟಿಕ್ ಅನುಪಾತ (ಬೀಜದ ಕಾಂತಬಲದ ಅಳತೆ) ಕಾರ್ಬನ್-13ರ ಸುಮಾರು 4 ಪಟ್ಟು ಇರುವುದರಿಂದ ಸಂವೇದನೆ ತತ್ತ್ವದಲ್ಲಿ 8 ಪಟ್ಟು ಏರುತ್ತದೆ, ಮಾದರಿ ಹತ್ತನೇ ಒಂದರಷ್ಟಾದರೂ ಕೆಲಸ ಸಾಗುತ್ತದೆ. ಈ ಹಂತಕ್ಕೆ ನಾನು 3.2ರತ್ತ ಮರಳಲಾರೆ.

ಮಡಿಕೆಯ ಪ್ರಶ್ನೆ ಬಂದಾಗ ಅಮೈಡ್‌ಗಳು ಕೈಕೊಡುತ್ತವೆ. ಈ ಎಳೆಗಳಲ್ಲಿ ಅಣುಗಳು ಒಂದರ ಮೇಲೊಂದು ಸುಮಾರು 4.8 ಆಂಗ್‌ಸ್ಟ್ರಮ್ ಅಂತರದಲ್ಲಿ, ಅದೇ ಅಮೈನೋ ಆಮ್ಲದ ಮೇಲೆ ಅದೇ ಬರುವಂತೆ ಪೇರಿಸಿಕೊಂಡಿರುತ್ತವೆ. ಅಮೈಡ್‌ಗಳ ನಡುವೆ ಅಳೆದ ದೂರಗಳು ಹೆಚ್ಚಾಗಿ ಈ ಪೇರಿಕೆಯನ್ನೇ ಮತ್ತೆ ಹೇಳುತ್ತವೆ. ದೂರದ ಎರಡು ತುಂಡುಗಳು ಎದುರುಬದುರಾಗಿ ಒತ್ತಿಕೊಂಡಿರುವುದು ಪಾರ್ಶ್ವ ಸರಪಳಿಗಳಿಂದ ತಿಳಿಯಬೇಕು, ಡ್ಯೂಟೀರಿಯಂ ತುಂಬಿದ ಮಾದರಿಯಲ್ಲಿ ಆ ಪ್ರೋಟಾನ್‌ಗಳೇ ಇಲ್ಲ. ಗ್ಲೂಕೋಸ್ ಬದಲು 2-ಗ್ಲಿಸರಾಲ್ ಕೊಟ್ಟು ಕಾರ್ಬನ್-13ನ್ನು ವಿರಳವಾಗಿ ಹಚ್ಚಿದ ಮಾದರಿಯನ್ನು 3.2ರಲ್ಲಿ ತಿರುಗಿಸಿ, ಮಿಶ್ರಣದ ಅವಧಿಯನ್ನು (ಒಂದು ಕಾರ್ಬನ್‌ನ ಸಂಕೇತ ಇನ್ನೊಂದಕ್ಕೆ ಹರಡಲು ಬಿಡುವ ಹೊತ್ತನ್ನು) ಉದ್ದ ಮಾಡಿದರೆ ಆ ದೂರದ ಸಂಪರ್ಕಗಳು ಮೆಲ್ಲಗೆ ಮೇಲೇಳುತ್ತವೆ. 2016ರಲ್ಲಿ ಪ್ರಕಟವಾದ ಸಿನ್ಯೂಕ್ಲಿನ್ ಎಳೆಯ ಘನಸ್ಥಿತಿ ಎನ್‌ಎಂಆರ್ ರಚನೆಯ ಹಿಂದೆ ಇಂಥ ಕಾರ್ಬನ್ ಅಳತೆಗಳ ಬಲವಿದೆ.

ಮಾದರಿಯನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಯೋ-ಇಎಂ ಈಗ ಇರುವಾಗ ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. 2018ರಿಂದ ಅದು ಸಿನ್ಯೂಕ್ಲಿನ್ ಎಳೆಗಳ ತಿರುಳನ್ನು ತೋರಿಸುತ್ತಲೇ ಬಂದಿದೆ, ಮಡಿಕೆಯಷ್ಟೇ ಬೇಕಿದ್ದರೆ ನಾನೂ ಅಲ್ಲಿಗೇ ಕಳುಹಿಸುತ್ತೇನೆ. ಆದರೆ ನೂರನೇ ಸ್ಥಾನದಿಂದಾಚೆಯ ಬಾಲ ಅದರಲ್ಲಿ ಮಸುಕು. ಅಲುಗಾಡುವ ಭಾಗಗಳನ್ನು ಆರಿಸಿ ತೋರಿಸುವ ಇನೆಪ್ಟ್ ಪ್ರಯೋಗ ನಡೆಸಿದರೆ ಆ ಬಾಲ ಎನ್‌ಎಂಆರ್‌ನಲ್ಲಿ ಚುರುಕಾಗಿ ಕಾಣುತ್ತದೆ. ಕಳೆದುಹೋಗಿದ್ದ 112ನೇ ಐಸೋಲ್ಯೂಸಿನ್ ಸಿಗಬೇಕಾದದ್ದೂ ಅಲ್ಲೇ.

ಯಂತ್ರದಲ್ಲಿ ಸ್ವಲ್ಪವೇ ಸಮಯ ಸಿಕ್ಕವರು 3.2ರಲ್ಲಿ ಒಂದು ಕಾರ್ಬನ್-ಕಾರ್ಬನ್ ರೋಹಿತ ತೆಗೆದು ಐಸೋಲ್ಯೂಸಿನ್ ಮೂಲೆಯನ್ನು ನೋಡಲಿ. ಅದು ಒಂಟಿಯಾಗಿ, ಸಪೂರವಾಗಿ ಬಂದರೆ ಮಾತ್ರ ಅದೇ ವಿಧಾನದಲ್ಲಿ, ಅದೇ ಬಫರ್‌ನಲ್ಲಿ ಭಾರಜಲದ ಮಾದರಿ ಮಾಡಿ 1.3ಕ್ಕೆ ಹೋಗಲಿ.