ಕಾರ್ಡ್ ಮೆಷಿನ್‌ಗೆ ಯಾವ ನೆಟ್? ವೈಫೈ, ಸಿಮ್, ಹಾಟ್‌ಸ್ಪಾಟ್, ಕೇಬಲ್ ಎಲ್ಲ ಹಾಕಿ ನೋಡಿದ ಮೇಲೆ

ಕಾರ್ಡ್ ಮೆಷಿನ್‌ಗೆ ಸ್ಪೀಡ್ ಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮೆಷಿನ್ ನಿಧಾನ ಅಂತ ಇಂಟರ್ನೆಟ್‌ಗೆ ದೊಡ್ಡ ಪ್ಲಾನ್ ಹಾಕಿಸುವವರು ಬೇಕಾದಷ್ಟು ಜನ ಇದ್ದಾರೆ. ಒಂದು ಸಲ ಕಾರ್ಡ್ ಉಜ್ಜಿದರೆ ಹೋಗಿ ಬರುವ ಡೇಟಾ ಕೆಲವು ಕಿಲೋಬೈಟ್ ಅಷ್ಟೇ. ಫೋನಿನಲ್ಲಿ ತೆಗೆದ ಒಂದು ಫೋಟೋ ಕಳಿಸುವುದಕ್ಕೆ ಅದರ ಎಷ್ಟೋ ಪಟ್ಟು ಡೇಟಾ ಬೇಕು.

ಅದಕ್ಕೆ ಬೇಕಾಗಿರುವುದು ಬೇರೆ. ಕಾರ್ಡ್ ತಾಗಿಸಿದ ಗಳಿಗೆಯಿಂದ ಉತ್ತರ ಬರುವವರೆಗೆ ನೆಟ್ ಕಡಿಯಬಾರದು. ಕಡಿದರೆ ಏನಾಗುತ್ತದೆ ಅಂದರೆ, ಮೆಷಿನ್ ಕೇಳಿದ್ದು ಬ್ಯಾಂಕಿಗೆ ತಲುಪಿರುತ್ತದೆ, ಬ್ಯಾಂಕು ಸರಿ ಅಂತ ದುಡ್ಡು ಕಟ್ ಮಾಡಿರುತ್ತದೆ, ಆದರೆ ಆ ಉತ್ತರ ವಾಪಸ್ ಬರುವ ಹೊತ್ತಿಗೆ ಮೆಷಿನ್ ನೆಟ್‌ನಲ್ಲೇ ಇರುವುದಿಲ್ಲ. ಅದು ಸ್ವಲ್ಪ ಹೊತ್ತು ಕಾದು ಫೇಲ್ ಅಂತ ತೋರಿಸುತ್ತದೆ. ಗಿರಾಕಿಯ ಫೋನಿಗೆ ಮಾತ್ರ ದುಡ್ಡು ಹೋಯಿತು ಅಂತ ಮೆಸೇಜ್ ಬಂದಿರುತ್ತದೆ. ಇಬ್ಬರೂ ಹೇಳುವುದು ನಿಜವೇ, ಆದರೂ ಜಗಳ. ಮೆಷಿನ್ ಮತ್ತೆ ನೆಟ್‌ಗೆ ಬಂದಾಗ ರಿವರ್ಸಲ್ ಅಂತ ಒಂದು ಸಂದೇಶ ಕಳಿಸಿ ಆ ವ್ಯವಹಾರವನ್ನು ರದ್ದು ಮಾಡಿಸುತ್ತದೆ. ಆದರೆ ಆ ದುಡ್ಡು ಖಾತೆಗೆ ವಾಪಸ್ ಸೇರಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ, ಅಷ್ಟು ದಿನ ಆ ಗಿರಾಕಿ ನಿಮ್ಮನ್ನೇ ಬೈದುಕೊಂಡಿರುತ್ತಾರೆ.

ಹಾಗಾಗಿ ಈ ನಾಲ್ಕನ್ನೂ ಹೋಲಿಸುವಾಗ ನಾನು ನೋಡಿದ್ದು ಎರಡೇ. ಮಧ್ಯದಲ್ಲಿ ಕಡಿಯುತ್ತದಾ? ಕಡಿದರೆ ಯಾರೂ ಮುಟ್ಟದೆ ತಾನಾಗಿಯೇ ವಾಪಸ್ ಬರುತ್ತದಾ? ಎರಡನೆಯದೇ ಜಾಸ್ತಿ ಮುಖ್ಯ, ಯಾಕಂದ್ರೆ ನೆಟ್ ಹೋದಾಗ ಕೌಂಟರ್‌ನಲ್ಲಿ ಇರುವವರಿಗೆ ರೂಟರ್ ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ. ಬಳಸಿದ್ದು ಎರಡು ಥರದ ಮೆಷಿನ್. ಒಂದು ಕೀಪ್ಯಾಡ್ ಇರುವ ಹಳೆಯದು, ಇಟ್ಟರೆ ಚಾರ್ಜ್ ಆಗುವ ಸ್ಟ್ಯಾಂಡ್ ಜೊತೆಗೆ ಬಂದದ್ದು. ಇನ್ನೊಂದು ಟಚ್ ಸ್ಕ್ರೀನ್ ಇರುವ ಆಂಡ್ರಾಯ್ಡ್ ಮೆಷಿನ್.

ವೈಫೈ ಬಗ್ಗೆ ಹೇಳುವುದು ಜಾಸ್ತಿ ಇದೆ, ಅದರ ತರಲೆಯೂ ಜಾಸ್ತಿ.

ಮೊದಲ ಕಷ್ಟ ಪಾಸ್‌ವರ್ಡ್ ಹಾಕುವುದು. ಆಂಡ್ರಾಯ್ಡ್ ಮೆಷಿನ್‌ನಲ್ಲಿ ಫೋನಿನ ಹಾಗೆಯೇ ಟೈಪ್ ಮಾಡಬಹುದು. ಕೀಪ್ಯಾಡ್ ಮೆಷಿನ್‌ನಲ್ಲಿ ಒಂದೊಂದು ಅಕ್ಷರಕ್ಕೂ ಅದೇ ಕೀಯನ್ನು ಮತ್ತೆ ಮತ್ತೆ ಒತ್ತಬೇಕು, ದೊಡ್ಡಕ್ಷರಕ್ಕೆ ಇನ್ನೊಂದು ಸುತ್ತು, ಚಿಹ್ನೆಗಳಿಗಂತೂ ಎಲ್ಲಿ ಒತ್ತಬೇಕು ಅಂತ ಹುಡುಕುವುದರಲ್ಲೇ ಅರ್ಧ ಹಾಕಿದ್ದು ಅಳಿಸಿಹೋಗಿರುತ್ತದೆ. ಇದಕ್ಕೆ ನಾನು ಮಾಡಿದ್ದು, ಮೆಷಿನ್‌ಗೆ ಅಂತಲೇ ರೂಟರ್‌ನಲ್ಲಿ ಬೇರೆ ಒಂದು ಹೆಸರಿನ ವೈಫೈ ಮಾಡಿ, ಸಣ್ಣಕ್ಷರ ಮತ್ತು ಅಂಕಿಗಳಷ್ಟೇ ಇರುವ ಉದ್ದದ ಪಾಸ್‌ವರ್ಡ್ ಕೊಟ್ಟಿದ್ದು. ಚಿಹ್ನೆ ಇಲ್ಲದಿದ್ದರೆ ಏನಂತೆ, ಉದ್ದ ಇದ್ದರೆ ಸಾಕಷ್ಟು ಗಟ್ಟಿಯಾಗಿಯೇ ಇರುತ್ತದೆ.

ಎರಡನೆಯದು 2.4 ಮತ್ತು 5 ಗಿಗಾಹರ್ಟ್ಸ್ ಗೊಂದಲ, ಅಂದರೆ ವೈಫೈ ಓಡಾಡುವ ಎರಡು ರೇಡಿಯೊ ದಾರಿಗಳದ್ದು. ಹೊಸ ರೂಟರ್‌ಗಳು ಎರಡಕ್ಕೂ ಒಂದೇ ಹೆಸರು ಇಟ್ಟು, ಯಾವ ಸಾಧನ ಎಲ್ಲಿಗೆ ಹೋಗಬೇಕು ಅಂತ ತಾವೇ ತಳ್ಳುತ್ತವೆ. ಫೋನುಗಳಿಗೆ ಇದು ಸರಿ. ಹಳೆಯ ಕಾರ್ಡ್ ಮೆಷಿನ್‌ಗಳಲ್ಲಿ ಬಹಳಷ್ಟಕ್ಕೆ 5 ಗೊತ್ತೇ ಇಲ್ಲ, 2.4 ಮಾತ್ರ. ಒಂದೇ ಹೆಸರು ಇದ್ದಾಗ ನಮ್ಮ ಕೀಪ್ಯಾಡ್ ಮೆಷಿನ್ ಸೇರುವುದು, ಬೀಳುವುದು, ಮತ್ತೆ ಸೇರುವುದು, ಹೀಗೇ ಮಾಡುತ್ತಿತ್ತು. ಬರೀ 2.4ಕ್ಕೆ ಬೇರೆ ಹೆಸರು ಕೊಟ್ಟ ಮೇಲೆ ತೆಪ್ಪಗಾಯಿತು. ಆಂಡ್ರಾಯ್ಡ್ ಮೆಷಿನ್‌ಗೆ 5 ಗೊತ್ತಿದ್ದರೂ ಅದನ್ನೂ 2.4ಕ್ಕೇ ಹಾಕಿದೆ. 5ರ ಸ್ಪೀಡ್ ಇಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ, ಗೋಡೆ ದಾಟುವುದರಲ್ಲಿ 2.4 ವಾಸಿ.

2.4ರಲ್ಲಿ ಇರುವ ತೊಂದರೆ ಅಂದರೆ ಗದ್ದಲ. ಅಕ್ಕಪಕ್ಕದವರ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಅದೇ ಜಾಗದಲ್ಲಿ. ಆ ಜಾಗವನ್ನು ಚಾನಲ್ ಅಂತ ಸಣ್ಣ ಸಣ್ಣ ಓಣಿಗಳಾಗಿ ಹಂಚಿರುತ್ತಾರೆ. ಒಂದಕ್ಕೊಂದು ತಾಗದ ಚಾನಲ್‌ಗಳು 1, 6, 11 ಮೂರೇ, ಅವುಗಳಲ್ಲಿ ಕಡಿಮೆ ಗದ್ದಲ ಇರುವುದನ್ನು ಆರಿಸಿ ಅಲ್ಲೇ ಕೂರಿಸುವುದು ಒಳ್ಳೇದು. ಆಟೋ ಅಂತ ಬಿಟ್ಟರೆ ಇನ್ನೊಂದು ವಿಚಿತ್ರ ಆಗುತ್ತದೆ. ರೂಟರ್ ಯಾವತ್ತೋ ಒಂದಿನ 12 ಅಥವಾ 13ನೇ ಚಾನಲ್‌ಗೆ ಹೋಗಿ ಕೂರುತ್ತದೆ, ಕೆಲವು ಮೆಷಿನ್‌ಗಳಿಗೆ ಆ ಚಾನಲ್‌ಗಳು ಕಾಣುವುದೇ ಇಲ್ಲ. ಫೋನಿನಲ್ಲಿ ವೈಫೈ ಚೆನ್ನಾಗಿಯೇ ಇರುತ್ತದೆ, ಮೆಷಿನ್‌ನಲ್ಲಿ ಹೆಸರೇ ನಾಪತ್ತೆ. ಎಲ್ಲರೂ ಮೆಷಿನ್ ಕೆಟ್ಟಿದೆ ಅಂತಲೇ ಹೇಳುವುದು.

ಮೂರನೆಯದು ಸೆಕ್ಯುರಿಟಿ ಆಯ್ಕೆ. ವೈಫೈಗೆ ಬೀಗ ಹಾಕುವ ಹೊಸ ವಿಧಾನ ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ, ಎಷ್ಟೋ ಮೆಷಿನ್‌ಗಳಿಗೆ ಅದು ಅರ್ಥವಾಗುವುದಿಲ್ಲ. ರೂಟರ್‌ನಲ್ಲಿ ಬರೀ ಡಬ್ಲ್ಯುಪಿಎ3 ಇಟ್ಟರೆ ಮೆಷಿನ್‌ನಲ್ಲಿ ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿಯಾಗಿಯೇ ಹಾಕಿರುತ್ತೀರಿ, ಆದರೂ ಸೇರುವುದಿಲ್ಲ. ಅದರ ಹಿಂದಿನದು, ಡಬ್ಲ್ಯುಪಿಎ2 (ಎಇಎಸ್) ಅನ್ನುವ ಆಯ್ಕೆ ಇಟ್ಟುಕೊಳ್ಳಿ. ಹಳೆಯ ಡಬ್ಲ್ಯುಇಪಿಗೆ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ, ಅದನ್ನು ಮುರಿಯುವುದು ಹೇಗೆ ಅಂತ 2001ರಲ್ಲೇ ತೋರಿಸಿಯಾಗಿದೆ, ಕಾರ್ಡ್ ವ್ಯವಹಾರಕ್ಕೆ ಇರುವ ಪಿಸಿಐ ನಿಯಮಗಳೂ 2010ರಿಂದ ಅದನ್ನು ಒಪ್ಪುವುದಿಲ್ಲ. ವೈಫೈ ಹೆಸರನ್ನು ಅಡಗಿಸಿಡುವುದರಿಂದಲೂ ಏನೂ ಲಾಭವಿಲ್ಲ. ಹುಡುಕುವವರಿಗೆ ಅದು ಸಿಕ್ಕೇ ಸಿಗುತ್ತದೆ, ನಿಮಗೆ ಮಾತ್ರ ಆ ಕೀಪ್ಯಾಡ್‌ನಲ್ಲಿ ಹೆಸರನ್ನೂ ಒತ್ತುವ ಕೆಲಸ.

ಗಿರಾಕಿಗಳಿಗೆ ಕೊಡುವ ವೈಫೈಗೇ ಮೆಷಿನ್ ಸೇರಿಸಿ ನೋಡುವವರಿಗೆ ಒಂದು ಮಾತು. ಲಾಗಿನ್ ಪುಟ ತೆರೆದು ಒಪ್ಪಿಗೆ ಕೊಡಬೇಕಾದ ವೈಫೈ ಆದರೆ ಮೆಷಿನ್‌ನಲ್ಲಿ ಬ್ರೌಸರ್ ಇಲ್ಲ, ಅಲ್ಲಿಗೆ ಕತೆ ಮುಗಿಯಿತು. ಲಾಗಿನ್ ಪುಟ ಇಲ್ಲದಿದ್ದರೂ ಬೇಡ, ಊರಿನವರೆಲ್ಲ ಇರುವ ನೆಟ್‌ನಲ್ಲಿ ದುಡ್ಡಿನ ಮೆಷಿನ್ ಇಡಬಾರದು. ಗೆಸ್ಟ್ ವೈಫೈ ಆನ್ ಮಾಡಿ ಅದರಲ್ಲಿ ಮೆಷಿನ್ ಒಂದನ್ನೇ ಇಟ್ಟರೆ ಪರವಾಗಿಲ್ಲ. ಆದರೆ ಬಿಲ್ಲಿಂಗ್ ಕಂಪ್ಯೂಟರ್‌ನಿಂದ ಮೊತ್ತ ನೇರವಾಗಿ ಮೆಷಿನ್‌ಗೆ ಬರುವ ವ್ಯವಸ್ಥೆ ಇದ್ದರೆ ಗೆಸ್ಟ್ ವೈಫೈ ಕೆಲಸಕ್ಕೆ ಬಾರದಿರಬಹುದು, ಅಲ್ಲಿ ಸಾಧನಗಳು ಒಂದನ್ನೊಂದು ನೋಡದಂತೆ ತಡೆ ಹಾಕಿರುತ್ತಾರೆ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ವೈಫೈ ನಿಜಕ್ಕೂ ಚೆನ್ನಾಗಿ ನಡೆಯಿತು, ಒಂದೇ ಜಾಗದಲ್ಲಿ ಇರುವವರೆಗೆ. ಕೈಯಲ್ಲಿ ಹಿಡಿದು ಓಡಾಡಿದರೆ ಬೇರೆ ಮಾತು. ಎರಡು ರೂಟರ್‌ಗೆ ಒಂದೇ ಹೆಸರು ಇದ್ದಾಗ ಫೋನು ಹತ್ತಿರದ್ದಕ್ಕೆ ಸಲೀಸಾಗಿ ಜಿಗಿಯುತ್ತದೆ, ಕಾರ್ಡ್ ಮೆಷಿನ್ ಮಾತ್ರ ಹಿಂದೆ ಬಿಟ್ಟುಬಂದ ರೂಟರ್‌ನ ಸೆರಗು ಹಿಡಿದುಕೊಂಡೇ ಬರುತ್ತದೆ. ಪೂರ್ತಿ ಕಡಿದ ಮೇಲೆಯೇ ಹೊಸದನ್ನು ಹುಡುಕುವುದು. ಕಾರ್ಡ್ ತಾಗಿಸಿ ಸ್ಲಿಪ್ ಬರುವಷ್ಟರಲ್ಲಿ ಕೌಂಟರ್ ಕಡೆ ನಡೆದುಬಿಡುವ ಅಭ್ಯಾಸ ಇದ್ದರೆ ಮೇಲೆ ಹೇಳಿದ ರಿವರ್ಸಲ್ ಜಗಳ ಗ್ಯಾರಂಟಿ. ಸ್ಲಿಪ್ ಬರುವವರೆಗೆ ನಿಂತಲ್ಲೇ ನಿಲ್ಲಿ. ಬ್ಯಾಟರಿ ಉಳಿಸಲು ನಿದ್ದೆಗೆ ಹೋದಾಗ ಕೆಲವು ಮೆಷಿನ್‌ಗಳು ವೈಫೈಯನ್ನೂ ಬಿಟ್ಟುಬಿಡುತ್ತವೆ, ಎಬ್ಬಿಸಿದ ತಕ್ಷಣ ಕಾರ್ಡ್ ಹಾಕಿದರೆ ತಡವರಿಸುತ್ತವೆ. ಸ್ಟ್ಯಾಂಡ್ ಮೇಲೆ ಚಾರ್ಜ್‌ನಲ್ಲಿ ಇದ್ದಾಗ ನಮ್ಮದು ನಿದ್ದೆ ಮಾಡುತ್ತಿರಲಿಲ್ಲ.

ವೈಫೈಯ ಅತಿ ದೊಡ್ಡ ಮೋಸ ಅಂದರೆ ಆ ಸಿಗ್ನಲ್ ಕಡ್ಡಿಗಳು. ರೂಟರ್‌ಗೆ ಬರುವ ಇಂಟರ್ನೆಟ್ ಸತ್ತಿದ್ದರೂ ಮೆಷಿನ್‌ನಲ್ಲಿ ಕಡ್ಡಿ ಪೂರ್ತಿ ತೋರಿಸುತ್ತದೆ, ಯಾಕಂದ್ರೆ ಅದು ಅಳೆಯುವುದು ರೂಟರ್‌ವರೆಗಿನ ದಾರಿಯನ್ನು ಮಾತ್ರ. ಜನ ಮೆಷಿನ್ ಆಫ್ ಮಾಡಿ ಆನ್ ಮಾಡಿ ಒದ್ದಾಡುತ್ತಿರುತ್ತಾರೆ. ಫೋನನ್ನು ಅದೇ ವೈಫೈಗೆ ಹಾಕಿ, ಮೊಬೈಲ್ ಡೇಟಾ ಆಫ್ ಮಾಡಿ ಒಂದು ಪುಟ ತೆರೆದು ನೋಡಿದರೆ ಎರಡೇ ನಿಮಿಷದಲ್ಲಿ ತಪ್ಪು ಯಾರದು ಅಂತ ಗೊತ್ತಾಗುತ್ತದೆ.

ಸಿಮ್ ಇದಕ್ಕೆ ಪೂರ್ತಿ ಉಲ್ಟಾ. ಪಾಸ್‌ವರ್ಡ್ ಇಲ್ಲ, ಚಾನಲ್ ಇಲ್ಲ, ಡಬ್ಬದಿಂದ ತೆಗೆದು ಆನ್ ಮಾಡಿದರೆ ಆಯಿತು. ಕರೆಂಟ್ ಹೋದರೆ ರೂಟರ್ ಸಾಯುತ್ತದೆ, ಸಿಮ್ ಮೆಷಿನ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತಲೇ ಇರುತ್ತದೆ. ಸಿಗ್ನಲ್ ಹೋದರೂ ಯಾರೂ ಮುಟ್ಟದೆ ವಾಪಸ್ ಬರುವುದರಲ್ಲಿ ನಾನು ನೋಡಿದ್ದರಲ್ಲಿ ಇದೇ ಮುಂದೆ. ಉತ್ತರ ಬರುವುದು ವೈಫೈಗಿಂತ ಒಂಚೂರು ತಡ, ಗಿರಾಕಿಗೆ ಗೊತ್ತಾಗುವಷ್ಟಲ್ಲ. ಆದರೆ ನೆಲಮಾಳಿಗೆಯಲ್ಲಿ, ದಪ್ಪ ಕಾಂಕ್ರೀಟ್ ಗೋಡೆಯ ಹಿಂದೆ ಸಿಮ್ ಕೈಕೊಡುತ್ತದೆ. ಜನ ಕಿಕ್ಕಿರಿದ ಕಡೆಯೂ ಅಷ್ಟೇ, ಎಲ್ಲರ ಫೋನೂ ಅದೇ ಟವರ್ ಮೇಲೆ ಬಿದ್ದಿರುತ್ತದೆ, ಸರಿಯಾಗಿ ವ್ಯಾಪಾರ ಜೋರಾದ ಹೊತ್ತಿಗೇ ಮೆಷಿನ್ ಸುತ್ತುತ್ತಾ ನಿಲ್ಲುತ್ತದೆ.

ಸಿಮ್ ಮೆಷಿನ್ ತೆಗೆದುಕೊಳ್ಳುವ ಮುಂಚೆ ಅದು 4ಜಿನಾ ಅಂತ ಕೇಳಿ. ಹಳೆಯ 2ಜಿ, 3ಜಿ ಮೆಷಿನ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗವಾಗಿ ಸಿಗುತ್ತವೆ, ಆದರೆ ಆ ನೆಟ್‌ವರ್ಕ್‌ಗಳೇ ಒಂದೊಂದಾಗಿ ಬಂದ್ ಆಗುತ್ತಿವೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದವು, ಆಸ್ಟ್ರೇಲಿಯಾದಲ್ಲಿ 2024ರಲ್ಲಿ ನಿಂತಿತು. ಇನ್ನೊಂದು, ಮೆಷಿನ್ ಜೊತೆ ಬಂದ ಸಿಮ್ ತೆಗೆದು ಫೋನಿನ ಸಿಮ್ ಹಾಕಿದರೆ ಸುಮ್ನೆ ನಡೆಯುತ್ತದೆ ಅಂದುಕೊಳ್ಳಬೇಡಿ. ಎಪಿಎನ್ (ಸಿಮ್ ಯಾವ ದಾರಿಯಲ್ಲಿ ಇಂಟರ್ನೆಟ್‌ಗೆ ಹೋಗಬೇಕು ಅನ್ನುವ ಸೆಟ್ಟಿಂಗ್) ಬದಲಾಯಿಸಬೇಕಾಗುತ್ತದೆ, ಸಿಮ್‌ಗೆ ಪಿನ್ ಲಾಕ್ ಇದ್ದರೆ ತೆಗೆದಿರಬೇಕು, ಕೆಲವು ಮೆಷಿನ್‌ಗಳಲ್ಲಿ ಆ ಸೆಟ್ಟಿಂಗ್ ತೆರೆಯಲು ಕೊಟ್ಟವರ ಪಾಸ್‌ವರ್ಡೇ ಬೇಕು.

ಫೋನಿನ ಹಾಟ್‌ಸ್ಪಾಟ್ ನನಗೆ ಹಿಡಿಸಲಿಲ್ಲ. ತುರ್ತಿಗೆ ಸರಿ, ದಿನಾ ನಡೆಸಲು ಆಗದು. ಯಾರೂ ಸೇರಿಲ್ಲ ಅಂದರೆ ಹಾಟ್‌ಸ್ಪಾಟ್ ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತದೆ, ಮೆಷಿನ್ ನಿದ್ದೆಯಿಂದ ಏಳುವಾಗ ಅದು ಮಾಯ. ಆಂಡ್ರಾಯ್ಡ್ ಫೋನುಗಳಲ್ಲಿ ಈ ತಾನಾಗಿ ಆಫ್ ಆಗುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು. ಐಫೋನ್ 12 ಮತ್ತು ಅದರ ನಂತರದವು ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ನಲ್ಲಿ ಕೊಡುತ್ತವೆ, ಹಾಗಾಗಿ ಹಳೆಯ ಮೆಷಿನ್‌ಗೆ ಕಾಣುವುದಿಲ್ಲ. ಪರ್ಸನಲ್ ಹಾಟ್‌ಸ್ಪಾಟ್ ಪುಟದಲ್ಲೇ ಇರುವ ಮ್ಯಾಕ್ಸಿಮೈಸ್ ಕಂಪಾಟಿಬಿಲಿಟಿ ಆನ್ ಮಾಡಿದರೆ 2.4ಕ್ಕೆ ಇಳಿಯುತ್ತದೆ. ಇವೆಲ್ಲ ಸರಿ ಮಾಡಿದರೂ, ಫೋನ್ ಯಾರದೋ ಅವರು ಊಟಕ್ಕೆ ಹೋದರೆ ನೆಟ್ಟೂ ಅವರ ಜೇಬಿನಲ್ಲೇ ಹೋಗುತ್ತದೆ, ಅಲ್ವಾ?

ಕೇಬಲ್ ಬಗ್ಗೆ ಹೇಳಲು ಏನೂ ಇಲ್ಲ, ಅದೇ ಅದರ ಗುಣ. ಸ್ಟ್ಯಾಂಡ್‌ಗೆ ನೆಟ್ ಕೇಬಲ್ ಚುಚ್ಚಿದೆ, ಮೆಷಿನ್ ತಾನೇ ಐಪಿ, ಅಂದರೆ ನೆಟ್‌ನಲ್ಲಿ ತನ್ನ ವಿಳಾಸ, ತೆಗೆದುಕೊಂಡಿತು, ಆಮೇಲೆ ಅದರ ತಂಟೆಗೆ ಹೋಗಬೇಕಾಗಲಿಲ್ಲ. ಮಧ್ಯದಲ್ಲಿ ಕಡಿಯದ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ, ಸ್ಪೀಡ್‌ನಲ್ಲಿ ಒಳ್ಳೆಯ ವೈಫೈಗೂ ಇದಕ್ಕೂ ವ್ಯತ್ಯಾಸ ನನಗಂತೂ ತಿಳಿಯಲಿಲ್ಲ. ಕೆಲವು ಮೆಷಿನ್‌ಗಳು ಸ್ಟ್ಯಾಂಡ್‌ನಿಂದ ಎತ್ತಿದ ಮೇಲೂ ಬ್ಲೂಟೂತ್ ಮೂಲಕ ಅದೇ ಕೇಬಲ್ ಬಳಸುತ್ತವೆ, ಕೌಂಟರ್ ಆಸುಪಾಸಿನಲ್ಲಿ ಅಷ್ಟು ಸಾಕು. ಕೊರತೆ ಎರಡೇ. ಕಸ ಗುಡಿಸುವಾಗ ಕೇಬಲ್ ಕಿತ್ತುಬರುತ್ತದೆ. ಇಂಟರ್ನೆಟ್ ಲೈನೇ ಹೋದರೆ ವೈಫೈ ಜೊತೆ ಇದೂ ಮಲಗುತ್ತದೆ.

ಹಾಗಾಗಿ ಈಗ ಇಟ್ಟುಕೊಂಡಿರುವುದು ಹೀಗೆ. ಕೌಂಟರ್‌ನ ಕೀಪ್ಯಾಡ್ ಮೆಷಿನ್‌ಗೆ ಕೇಬಲ್, ಓಡಾಡುವ ಆಂಡ್ರಾಯ್ಡ್‌ಗೆ ತನ್ನದೇ 2.4 ವೈಫೈ, ಅದರೊಳಗೆ ಸಿಮ್ ಕೂಡ. ಒಂದೇ ಮೆಷಿನ್ ಇರುವವರಿಗೆ ವೈಫೈ, ಸಿಮ್ ಎರಡರಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಸಿಮ್ ಅಂತಲೇ ಹೇಳುತ್ತೇನೆ, ಸಿಗ್ನಲ್ ಚೆನ್ನಾಗಿರುವ ಜಾಗ ಆಗಿದ್ದರೆ. ನೆಲಮಾಳಿಗೆಯವರಿಗೆ ವೈಫೈ ಬಿಟ್ಟರೆ ಗತಿಯಿಲ್ಲ.

ವೈಫೈ ಇಟ್ಟುಕೊಂಡವರು ರೂಟರ್ ಬದಲಾಯಿಸುವ ದಿನ ಹೊಸದಕ್ಕೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್, ಅದೇ ಸೆಕ್ಯುರಿಟಿ ಕೊಡಿ. ಮೆಷಿನ್ ತಾನಾಗಿ ಸೇರಿಕೊಳ್ಳುತ್ತದೆ, ಆ ಕೀಪ್ಯಾಡ್ ಸಹವಾಸವೇ ಬೇಡ. ಬ್ಯಾಟರಿ ಪೂರ್ತಿ ಸತ್ತು ಎದ್ದ ಮೆಷಿನ್ ನೆಟ್ ಇದ್ದರೂ ಕನೆಕ್ಟ್ ಆಗದಿದ್ದರೆ ತಾರೀಖು ನೋಡಿ, ಅದು ತಪ್ಪಿದ್ದರೆ ಬ್ಯಾಂಕಿನ ಸರ್ವರ್ ಜೊತೆಗಿನ ಸುರಕ್ಷಿತ ಸಂಪರ್ಕ ಆಗುವುದಿಲ್ಲ.

ವೈಫೈ ಮತ್ತು ಸಿಮ್ ಎರಡೂ ಇರುವ ಮೆಷಿನ್ ಒಂದು ಹೋದರೆ ಇನ್ನೊಂದಕ್ಕೆ ತಾನೇ ಬದಲಾಗುತ್ತದೆ ಅಂತ ಮಾರುವವರು ಹೇಳುತ್ತಾರೆ. ಅದನ್ನು ಪರೀಕ್ಷೆ ಮಾಡಿಯೇ ನಂಬಿ. ರೂಟರ್ ಆಫ್ ಮಾಡಿ ನೋಡಿದರೆ ಸಾಲದು, ಆಗ ವೈಫೈ ಹೋಗಿದ್ದು ಯಾವ ಮೆಷಿನ್‌ಗೂ ಗೊತ್ತಾಗುತ್ತದೆ. ರೂಟರ್ ಆನ್ ಇರಲಿ, ಅದಕ್ಕೆ ಬರುವ ಇಂಟರ್ನೆಟ್ ಕೇಬಲ್ ಮಾತ್ರ ಕಿತ್ತು, ನಿಮ್ಮದೇ ಕಾರ್ಡ್‌ನಲ್ಲಿ ಸಣ್ಣ ಮೊತ್ತ ಉಜ್ಜಿ. ಕೆಲವು ಮೆಷಿನ್‌ಗಳು ಸತ್ತ ವೈಫೈಯನ್ನೇ ನಂಬಿ ಕೂರುತ್ತವೆ. ನಿಮ್ಮದು ಹಾಗೆ ಮಾಡಿದರೆ ವೈಫೈ ಕೈಯಾರೆ ಆಫ್ ಮಾಡುವುದು ಮೆನುವಿನಲ್ಲಿ ಎಲ್ಲಿದೆ ಅಂತ ಒಂದು ಚೀಟಿ ಬರೆದು ಮೆಷಿನ್ ಹಿಂದೆ ಅಂಟಿಸಿ.